ಸ್ತನ ಕ್ಯಾನ್ಸರ್ ಆಗಿತ್ತು ಎಂದು ಹೊಟ್ಟೆಯ ಡಾಕ್ಟರಿಗೂ ಹೇಳಿ

ಐದು ವರ್ಷ ದಾಟಿದರೆ ಗೆದ್ದ ಹಾಗೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಸ್ತನ ಕ್ಯಾನ್ಸರಿಗೆ ಆಪರೇಷನ್, ಕಿಮೊ, ರೇಡಿಯೇಷನ್ ಎಲ್ಲ ಮುಗಿಸಿ, ಐದು ವರ್ಷ ಮಾತ್ರೆ ನುಂಗಿ, 'ಎಲ್ಲ ಸರಿಯಿದೆ ಕಣಮ್ಮ' ಎಂದು ಡಾಕ್ಟರ ಬಾಯಲ್ಲಿ ಕೇಳಿದ ದಿನ ದೇವರಿಗೆ ಹಣ್ಣುಕಾಯಿ ಮಾಡಿಸಿ, ಆಸ್ಪತ್ರೆಯ ಫೈಲನ್ನು ಅಟ್ಟಕ್ಕೆ ಹಾಕಿದವರು ಎಷ್ಟೋ ಜನ. ಆ ಸಂತೋಷ ನ್ಯಾಯವಾದದ್ದೇ. ಬಹುಪಾಲು ಹೆಂಗಸರಿಗೆ ಆ ಫೈಲು ಮತ್ತೆ ಬೇಕಾಗುವುದಿಲ್ಲ. ಬೇಕಾದ ಕೆಲವರಿಗೆ ಮಾತ್ರ ಅದು ಹತ್ತು-ಹದಿನೈದು ವರ್ಷಗಳ ನಂತರ, ಯಾರೂ ಎಣಿಸದ ಜಾಗದಲ್ಲಿ ಬೇಕಾಗುತ್ತದೆ. ಹೊಟ್ಟೆಯ ಡಾಕ್ಟರ ಮುಂದೆ, ಕಣ್ಣಿನ ಡಾಕ್ಟರ ಮುಂದೆ, ಮೂಳೆ ಡಾಕ್ಟರ ಮುಂದೆ, ಕೆಲವೊಮ್ಮೆ ಹಲ್ಲಿನ ಡಾಕ್ಟರ ಮುಂದೆ ಕೂಡ.

ಸ್ತನ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಟ್ರಿಪಲ್ ನೆಗೆಟಿವ್ ಎನ್ನುವ ಬಗೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲೇ ಮರಳುತ್ತದೆ. ಐದು ವರ್ಷ ದಾಟಿದ ಮೇಲೆ ಅಪಾಯ ತೀರ ಇಳಿದಿರುತ್ತದೆ. ಈಸ್ಟ್ರೊಜೆನ್ ಹಾರ್ಮೋನಿಗೆ ಸ್ಪಂದಿಸುವ, ಈಸ್ಟ್ರೊಜೆನ್ ರಿಸೆಪ್ಟರ್ ಪಾಸಿಟಿವ್ ಎನ್ನುವ ಬಗೆಯ ನಡಿಗೆ ಬೇರೆ. ಸ್ತನ ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಇದರದೇ. ಇದು ನಿಧಾನಿ. ಇದರ ಕೆಲವು ಜೀವಕೋಶಗಳು ಮೂಳೆಯ ಮಜ್ಜೆಯಂಥ ಕಡೆ ವಿಭಜನೆಯನ್ನೇ ನಿಲ್ಲಿಸಿ ವರ್ಷಗಟ್ಟಲೆ ಸುಮ್ಮನೆ ಉಳಿಯಬಲ್ಲವು. ಬೆಳೆಯುತ್ತಿರುವ ಕೋಶಗಳ ಮೇಲೆ ಕೆಲಸ ಮಾಡುವ ಕಿಮೊ ಇವುಗಳಿಗೆ ಅಷ್ಟಾಗಿ ತಾಗುವುದಿಲ್ಲ.

ಈ ಬಗೆ ತಡವಾಗಿ ಮರಳುವುದರ ಅಳತೆ ತೋರಿಸಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. 88 ಪ್ರಯೋಗಗಳ 62,923 ಮಹಿಳೆಯರ ಲೆಕ್ಕ ಅದು. ಎಲ್ಲರೂ ಐದು ವರ್ಷ ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಂಡು, ಕಾಯಿಲೆಯಿಲ್ಲದೆ ಅಲ್ಲಿಗೆ ನಿಲ್ಲಿಸಿದವರು. ಗಡ್ಡೆ 2 ಸೆಂಟಿಮೀಟರಿನೊಳಗಿದ್ದು ಕಂಕುಳಿನ ಗ್ರಂಥಿಗೆ ಹರಡದಿದ್ದವರಲ್ಲಿ ಮುಂದಿನ 15 ವರ್ಷಗಳಲ್ಲಿ ನೂರಕ್ಕೆ 13 ಜನರಿಗೆ ದೂರದ ಅಂಗಗಳಲ್ಲಿ ಕಾಯಿಲೆ ಮರಳಿತ್ತು. ಗಡ್ಡೆ ಅದಕ್ಕಿಂತ ದೊಡ್ಡದಾಗಿ, 4ರಿಂದ 9 ಗ್ರಂಥಿಗಳಿಗೆ ಹರಡಿದ್ದವರಲ್ಲಿ ನೂರಕ್ಕೆ 41. ವರ್ಷ ವರ್ಷವೂ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಮರಳುತ್ತ ಹೋಗಿತ್ತು. ಇವರೆಲ್ಲ ಹಿಂದಿನ ಕಾಲದ ಚಿಕಿತ್ಸೆ ಪಡೆದವರು. ಇಂದಿನ ಚಿಕಿತ್ಸೆ ಅದಕ್ಕಿಂತ ಚೆನ್ನಾಗಿರುವುದರಿಂದ ಈಗಿನವರ ಅಪಾಯ ಇನ್ನೂ ಕಡಿಮೆ ಇರಬೇಕು. ಡೆನ್ಮಾರ್ಕಿನಲ್ಲಿ ಹತ್ತು ವರ್ಷ ಕಾಯಿಲೆಯಿಲ್ಲದೆ ಕಳೆದ ಸುಮಾರು 20 ಸಾವಿರ ಮಹಿಳೆಯರನ್ನು ಗಮನಿಸಿದ ಇನ್ನೊಂದು ಅಧ್ಯಯನ 2021ರಲ್ಲಿ ಹೊರಬಂತು. ಅವರಲ್ಲಿ 2,595 ಜನರಿಗೆ ಆಮೇಲೆ ಕಾಯಿಲೆ ಮರಳಿತ್ತು. ಕೆಲವರಿಗೆ ಮೂವತ್ತು ವರ್ಷ ಕಳೆದ ಮೇಲೆ.

ಈ ಅಂಕಿಗಳನ್ನು ಹೆದರಿಸಲು ಬರೆಯುತ್ತಿಲ್ಲ. ಗಡ್ಡೆ ಚಿಕ್ಕದಿದ್ದು ಗ್ರಂಥಿಗೆ ಹರಡದಿದ್ದವರಲ್ಲಿ ನೂರಕ್ಕೆ 87 ಜನರಿಗೆ ದೂರದ ಅಂಗಗಳಲ್ಲಿ ಮರಳಲಿಲ್ಲ ಎಂಬುದೂ ಅದೇ ಅಂಕಿಯೊಳಗಿದೆ. ಇದನ್ನು ತಿಳಿದುಕೊಂಡ ಮೇಲೆ ಮಾಡಬೇಕಾದ ಕೆಲಸ ಚಿಕ್ಕದು, ಖರ್ಚಿಲ್ಲದ್ದು. ಅದನ್ನು ಹೇಳುವುದಕ್ಕೇ ಈ ಲೇಖನ.

ಸ್ತನ ಕ್ಯಾನ್ಸರ್ ಮರಳುವ ಜಾಗಗಳಲ್ಲಿ ಮೂಳೆ, ಶ್ವಾಸಕೋಶ, ಲಿವರ್, ಮಿದುಳು ಮುಖ್ಯವಾದವು. ಎಲ್ಲ ಅಂಗಗಳಿಗೂ ಒಂದೇ ಸಮನಾಗಿ ಹರಡುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್ 1889ರಲ್ಲೇ ಎತ್ತಿದ್ದ. ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಜನರ ದಾಖಲೆ ನೋಡಿ, ಬೀಜ ಎಲ್ಲ ದಿಕ್ಕಿಗೂ ಹಾರಿದರೂ ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಇಂದಿನ ವಿಜ್ಞಾನವೂ ಆ ಮಾತನ್ನು ಬಿಟ್ಟಿಲ್ಲ.

ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಅವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾದದ್ದು 1992ರಲ್ಲಿ. 2013ರಲ್ಲಿ ಅದು ಭುಜದಲ್ಲಿ ಮರಳಿತು. 2017ರಲ್ಲಿ ಬೆನ್ನುನೋವು ಎಂದು ಸಂಗೀತ ಪ್ರವಾಸವನ್ನು ಮುಂದಕ್ಕೆ ಹಾಕಿದ್ದರು. ಆಮೇಲೆ ನೋಡಿದರೆ ಕ್ಯಾನ್ಸರ್ ಬೆನ್ನುಮೂಳೆಯ ಬುಡದ ಎಲುಬಿಗೆ ಬಂದಿತ್ತು. ಮೊದಲ ಪತ್ತೆಯ ಮೂವತ್ತು ವರ್ಷಗಳ ನಂತರ, 2022ರಲ್ಲಿ ಅವರು ತೀರಿಕೊಂಡರು. ಬೆನ್ನುನೋವು ಯಾರಿಗಿಲ್ಲ? ಅದರಲ್ಲೂ ಹಾರ್ಮೋನ್ ಚಿಕಿತ್ಸೆಗೆಂದು ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಕೀಲುನೋವು ಮಾತ್ರೆಯಿಂದಲೇ ಬರುವುದುಂಟು. ಹೀಗಾಗಿ ಗುರುತಿಸುವುದು ಕಷ್ಟ. ಮಾತ್ರೆಯ ನೋವು ಸಾಮಾನ್ಯವಾಗಿ ಎರಡೂ ಕೈಗಳಲ್ಲಿ, ಎರಡೂ ಮಂಡಿಗಳಲ್ಲಿ ಇರುತ್ತದೆ. ಬೆಳಿಗ್ಗೆ ಏಳುವಾಗ ಹಿಡಿದುಕೊಂಡಿದ್ದು ಓಡಾಡಿದಂತೆ ಸಡಿಲವಾಗುತ್ತದೆ. ಒಂದೇ ಜಾಗದಲ್ಲಿ ಕೂತು, ಮಲಗಿದರೂ ಬಿಡದೆ, ರಾತ್ರಿ ನಿದ್ದೆಯಿಂದ ಎಬ್ಬಿಸಿ, ವಾರದಿಂದ ವಾರಕ್ಕೆ ಏರುವ ನೋವನ್ನು ಎಣ್ಣೆ ಹಚ್ಚಿ ನೀವಿಕೊಂಡು ಕೂರಬಾರದು.

ಇನ್ನು ಅಪರೂಪದ ಜಾಗಗಳು. ಇಲ್ಲಿ ಲಾಬ್ಯುಲರ್ ಎಂಬ ಬಗೆಯನ್ನು ಬೇರೆಯಾಗಿಯೇ ನೋಡಬೇಕು. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಈ ಬಗೆಯವು. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಇದರಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅದಿಲ್ಲದ್ದರಿಂದ ಕೋಶಗಳು ಉಂಡೆ ಕಟ್ಟದೆ ಒಂದರ ಹಿಂದೆ ಒಂದು ಸಾಲುಗಟ್ಟಿ ಅಂಗದ ಒಳಗೆ ನುಸುಳುತ್ತವೆ. ಸ್ತನದಲ್ಲೂ ಹಾಗೆಯೇ, ಎಷ್ಟೋ ಸಲ ಮ್ಯಾಮೊಗ್ರಾಮಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಮರಳುವಾಗ ಮೂಳೆಯ ಜೊತೆಗೆ ಜಠರ, ಕರುಳು, ಹೊಟ್ಟೆಯ ಒಳಪೊರೆ, ಅಂಡಾಶಯ, ಗರ್ಭಕೋಶ, ಮೂತ್ರನಾಳದ ಸುತ್ತಲಿನ ಭಾಗ, ಮಿದುಳಿನ ಹೊದಿಕೆ, ಕಣ್ಣಿನ ಗೂಡು ಇಂಥ ಕಡೆಗಳಿಗೆ ಹೋಗುವುದು ಈ ಬಗೆಯಲ್ಲೇ ಹೆಚ್ಚು. ಗಂಟಾಗಿ ಬೆಳೆಯದೆ ಪದರವಾಗಿ ಹರಡುವುದರಿಂದ ಸಿ.ಟಿ. ಸ್ಕ್ಯಾನ್, ಪೆಟ್ ಸ್ಕ್ಯಾನ್ ಎರಡರ ಕಣ್ಣನ್ನೂ ತಪ್ಪಿಸಬಲ್ಲದು. ಹಾಗಾಗಿ ನಿಮ್ಮ ಹಳೆಯ ಬಯಾಪ್ಸಿ ವರದಿಯಲ್ಲಿ ಡಕ್ಟಲ್ ಎಂದು ಬರೆದಿದೆಯೋ ಲಾಬ್ಯುಲರ್ ಎಂದೋ, ಒಮ್ಮೆ ತೆಗೆದು ನೋಡಿಕೊಳ್ಳಿ. ಓದಲು ಬಾರದವರು ಓದಿಸಿಕೊಳ್ಳಿ.

ಜಠರದ ವಿಷಯ ತುಸು ನಿಂತು ಹೇಳಬೇಕು, ಏಕೆಂದರೆ ತಪ್ಪು ದಾರಿ ಹಿಡಿದರೆ ಇಲ್ಲಿ ಆಗುವ ನಷ್ಟ ದೊಡ್ಡದು. ಅರವತ್ತು ದಾಟಿದ ಹೆಂಗಸಿಗೆ ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಉಬ್ಬರ, ಹುಳಿತೇಗು, ಆಗಾಗ ವಾಂತಿ, ತೂಕ ಇಳಿಯುತ್ತಿದೆ. 'ಗ್ಯಾಸ್ಟ್ರಿಕ್' ಎಂದು ಅಂಗಡಿಯ ಮಾತ್ರೆಯಲ್ಲಿ ತಿಂಗಳುಗಳು ಕಳೆಯುತ್ತವೆ. ಕೊನೆಗೆ ಎಂಡೊಸ್ಕೋಪಿ. ಜಠರದ ಗೋಡೆ ದಪ್ಪವಾಗಿ ಬಿಗಿದಿರುತ್ತದೆ, ಆದರೆ ಮೇಲ್ಪದರ ನುಣುಪಾಗಿಯೇ ಇರಬಹುದು. ಕ್ಯಾನ್ಸರ್ ಕೋಶಗಳು ಅದರ ಕೆಳಗಿನ ಪದರದಲ್ಲಿರುವುದರಿಂದ ಮೇಲೆಮೇಲೆ ಚಿವುಟಿ ತೆಗೆದ ಚೂರಿನಲ್ಲಿ ಏನೂ ಸಿಗದೆ ಹೋಗಬಹುದು. ಆಗ ಆಳದಿಂದ ಮತ್ತೆ ಬಯಾಪ್ಸಿ ಮಾಡಬೇಕಾಗುತ್ತದೆ. ಸಿಕ್ಕರೂ ಸೂಕ್ಷ್ಮದರ್ಶಕದ ಕೆಳಗೆ ಲಾಬ್ಯುಲರ್ ಕೋಶಗಳು ಜಠರದ್ದೇ ಆದ ಒಂದು ಬಗೆಯ ಕ್ಯಾನ್ಸರನ್ನು ಬಹಳ ಹೋಲುತ್ತವೆ. ಪ್ಯಾಥಾಲಜಿಸ್ಟ್‌ಗೆ ಹಿಂದಿನ ಕಥೆ ಗೊತ್ತಿಲ್ಲದಿದ್ದರೆ 'ಜಠರದ ಕ್ಯಾನ್ಸರ್' ಎಂದು ಬರೆಯುವುದು ಸಹಜ.

ಅಲ್ಲಿಂದ ದಾರಿ ಎರಡಾಗುತ್ತದೆ. ಜಠರದಲ್ಲೇ ಹುಟ್ಟಿದ ಕ್ಯಾನ್ಸರಿಗೆ, ಅದು ಬೇರೆಡೆ ಹರಡಿಲ್ಲದಿದ್ದರೆ, ಜಠರವನ್ನೇ ತೆಗೆದುಹಾಕುವ ದೊಡ್ಡ ಆಪರೇಷನ್ ಮಾಡುತ್ತಾರೆ. ಸ್ತನದಿಂದ ಬಂದದ್ದಕ್ಕೆ ಆ ಆಪರೇಷನ್ನಿನಿಂದ ಪ್ರಯೋಜನ ಸಾಮಾನ್ಯವಾಗಿ ಇಲ್ಲ. ಎಷ್ಟೋ ಸಲ ಹಾರ್ಮೋನ್ ತಡೆಯುವ ಮಾತ್ರೆಯಿಂದಲೇ ಹಿಡಿತಕ್ಕೆ ತರಬಹುದು. ಈ ಎರಡನ್ನೂ ಬೇರ್ಪಡಿಸುವುದು ಐಎಚ್‌ಸಿ ಎಂಬ ಪರೀಕ್ಷೆ. ಈಸ್ಟ್ರೊಜೆನ್ ರಿಸೆಪ್ಟರ್, ಗಾಟಾ-3 ಮುಂತಾದ ಗುರುತುಗಳನ್ನು ಅದೇ ಬಯಾಪ್ಸಿ ಚೂರಿನ ಮೇಲೆ ಹುಡುಕುತ್ತಾರೆ. ಅವನ್ನು ಹುಡುಕಬೇಕೆಂದು ಲ್ಯಾಬಿನವರಿಗೆ ಹೊಳೆಯಬೇಕಾದರೆ ಬಯಾಪ್ಸಿಯ ಜೊತೆ ಹೋಗುವ ಚೀಟಿಯಲ್ಲಿ 'ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು' ಎಂಬ ಒಂದು ಸಾಲು ಇರಬೇಕು. ಆ ಸಾಲು ಬರೆಯುವ ಡಾಕ್ಟರಿಗೆ ನೀವು ಹೇಳಿರಬೇಕು. ಒಂದು ಸಾಲಿನಿಂದ ಒಂದು ಜಠರ ಉಳಿಯಬಹುದು.

ಹೇಳದಿರಲು ಕಾರಣಗಳಿವೆ, ಅವು ಕ್ಷುಲ್ಲಕವಲ್ಲ. ಮಗಳ ಮದುವೆಗೆ ತೊಂದರೆಯಾದೀತೆಂದು ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟ ಮನೆಗಳಿವೆ. ಇಪ್ಪತ್ತು ವರ್ಷದ ಮೇಲೆ ಆಸ್ಪತ್ರೆಗೆ ಕರೆದೊಯ್ಯುವ ಸೊಸೆಗೆ ಅತ್ತೆಯ ಆಪರೇಷನ್ ಯಾತಕ್ಕಾದದ್ದೆಂದೇ ಗೊತ್ತಿರುವುದಿಲ್ಲ. 'ಆಗ ಗಡ್ಡೆ ತೆಗೆದಿದ್ದರಂತೆ' ಎಂಬಷ್ಟೇ ಗೊತ್ತು. ಎಷ್ಟೋ ಕಡೆ ಡಾಕ್ಟರ ಎದುರು ತಾಯಿಯ ಪರವಾಗಿ ಮಗನೇ ಮಾತಾಡುತ್ತಾನೆ. ಸ್ತನ ಎಂಬ ಮಾತು ಅವನ ಬಾಯಿಗೆ ಬಾರದು, ಅವಳಿಗೂ ಅವನ ಮುಂದೆ ಹೇಳಲು ಸಂಕೋಚ. ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಮನೆಯಲ್ಲಿ ಆಸ್ಪತ್ರೆಗೆ ಜೊತೆ ಬರುವ ಒಬ್ಬರಿಗೆ ಕಾಯಿಲೆಯ ಹೆಸರು, ಆದ ವರ್ಷ, ಯಾವ ಕಡೆಯ ಸ್ತನ ಎಂಬುದು ಗೊತ್ತಿರಲೇಬೇಕು. ಸಂಕೋಚವಾದರೆ ಚೀಟಿಯಲ್ಲಿ ಬರೆದು ಡಾಕ್ಟರ ಮೇಜಿನ ಮೇಲಿಡಿ. ಇದು ಗಂಡಸರಿಗೂ ಅನ್ವಯ. ಸ್ತನ ಕ್ಯಾನ್ಸರ್ ಆದ ನೂರು ಜನರಲ್ಲಿ ಒಬ್ಬರು ಗಂಡಸು, ಮುಚ್ಚಿಡುವುದು ಅವರಲ್ಲೂ ಉಂಟು.

ಜಠರದಲ್ಲಿ ಆಗುವಂಥ ಗೊಂದಲ ಹೊಟ್ಟೆಯ ಕೆಳಭಾಗದಲ್ಲೂ ಆಗುತ್ತದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಯಾವ ಹೆಂಗಸೇ ಆಗಲಿ ತೋರಿಸಿಕೊಳ್ಳಬೇಕು. ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ತುಸು ಹೆಚ್ಚು; ಅಪರೂಪಕ್ಕೆ ಸ್ತನದ ಕಾಯಿಲೆಯೇ ಅಲ್ಲಿಗೆ ಬಂದಿರುವುದೂ ಉಂಟು. ಅಂಡಾಶಯದ ಗಡ್ಡೆ, ಹೊಟ್ಟೆಯಲ್ಲಿ ನೀರು ತುಂಬುವುದು ಕೂಡ ಹಾಗೆಯೇ: ಹೊಸ ಕ್ಯಾನ್ಸರೂ ಇರಬಹುದು, ಹಳೆಯದೂ ಇರಬಹುದು. ಮೂತ್ರನಾಳವನ್ನು ಹೊರಗಿನಿಂದ ಒತ್ತಿದಾಗ ನೋವೇ ಇಲ್ಲದೆ ಕಿಡ್ನಿ ಊದಿಕೊಳ್ಳುತ್ತದೆ, ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ ಏರಿರುತ್ತದೆ. ಸಕ್ಕರೆ ಕಾಯಿಲೆಯವರಾದರೆ ಅದರದ್ದೇ ಇರಬೇಕೆಂದು ಸುಮ್ಮನಾಗದೆ ಒಂದು ಅಲ್ಟ್ರಾಸೌಂಡ್ ಮಾಡಿಸಲು ಕೇಳಿ.

ತಲೆಯ ಭಾಗದ ಸೂಚನೆಗಳು ವಿಚಿತ್ರವಾಗಿರುತ್ತವೆ, ಅದಕ್ಕೇ ಉಪೇಕ್ಷೆಗೆ ಒಳಗಾಗುತ್ತವೆ. ಕೆಳದುಟಿ ಮತ್ತು ಗದ್ದ ಒಂದು ಕಡೆ ಮಾತ್ರ ಜೋಮು ಹಿಡಿದಂತಾಗಿ ಹಾಗೆಯೇ ಉಳಿದರೆ ಹಲ್ಲಿನ ತೊಂದರೆ ಇರಬಹುದು; ದವಡೆಯೊಳಗಿನ ನರಕ್ಕೆ ಕ್ಯಾನ್ಸರ್ ತಾಗಿರುವ ಸೂಚನೆಯೂ ಅದು ಆಗಬಲ್ಲದು. ಹೆಂಗಸರ ಕಣ್ಣಿನ ಒಳಗೆ ಬೇರೆಡೆಯಿಂದ ಬಂದು ಸೇರುವ ಕ್ಯಾನ್ಸರುಗಳಲ್ಲಿ ಸ್ತನದ್ದೇ ಹೆಚ್ಚು. ದೃಷ್ಟಿ ಮಸುಕಾಗುವುದು, ಮಿಂಚು ಹೊಡೆದಂತೆ ಕಾಣುವುದು, ಒಂದು ಕಡೆ ನೆರಳು ಬಂದಂತಾಗುವುದು ಅದರ ಲಕ್ಷಣ. ಪೊರೆ ಬಂದಿರಬೇಕೆಂದು ಮನೆಯಲ್ಲೇ ತೀರ್ಮಾನಿಸಬೇಡಿ. ಕಣ್ಣಿನ ಹಿಂದೆ ಗಡ್ಡೆಯಾದರೆ ಸಾಮಾನ್ಯವಾಗಿ ಕಣ್ಣು ಮುಂದೆ ಬರುತ್ತದೆ. ಸ್ತನ ಕ್ಯಾನ್ಸರಿನ ಕೆಲವು ಸಂದರ್ಭಗಳಲ್ಲಿ ತಿರುವುಮುರುವಾಗಿ ಕಣ್ಣುಗುಡ್ಡೆ ಒಳಕ್ಕೆ ಇಳಿಯುತ್ತದೆ, ಏಕೆಂದರೆ ಅಲ್ಲಿ ಬೆಳೆದ ನಾರಿನಂಥ ಅಂಗಾಂಶ ಅದನ್ನು ಹಿಂದಕ್ಕೆ ಎಳೆಯುತ್ತದೆ. ತಲೆಯ ಮೇಲೆ ನೋವಿಲ್ಲದೆ, ತುರಿಕೆಯಿಲ್ಲದೆ ದುಂಡಗೆ ಕೂದಲು ಉದುರಿ ಚರ್ಮ ಗಟ್ಟಿಯಾದ ಬೋಳು ಮಚ್ಚೆ ಬಂದರೆ ಚರ್ಮದ ಡಾಕ್ಟರಿಗೂ ಹಳೆಯ ಕಾಯಿಲೆ ತಿಳಿದಿರಲಿ. ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೂ ಅಷ್ಟೇ; ಎದೆಯೊಳಗಿನ ಗ್ರಂಥಿಗಳು ಗಂಟಲ ನರವನ್ನು ಒತ್ತಿರಬಹುದು.

ಆಪರೇಷನ್ ಆದ ಎದೆಯ ಭಾಗವನ್ನಂತೂ ನಿಮ್ಮ ಕೈಯಿಂದಲೇ ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳಬಹುದು. ಗಾಯದ ಗೆರೆಯ ಮೇಲೆ ಸಾಸಿವೆ-ಕಡಲೆಯಷ್ಟು ಗಂಟು, ಮಾಯದ ಕೆಂಪು ದದ್ದು, ಎದೆಮೂಳೆಯ ಪಕ್ಕದ ಊತ, ಕಂಕುಳು ಅಥವಾ ಕತ್ತಿನ ಬುಡದ ಗಂಟು ಕಂಡರೆ ತೋರಿಸಿ. ವರ್ಷಗಳ ನಂತರ ಆ ಕಡೆಯ ಕೈ ಹೊಸದಾಗಿ ಊದಿದರೆ, ಕೈಬೆರಳು ಮರಗಟ್ಟಿ ಹಿಡಿತ ತಪ್ಪಿದರೆ 'ಕತ್ತಿನ ಸವೆತ' ಎಂದು ಬೆಲ್ಟ್ ಹಾಕಿಕೊಳ್ಳುವ ಮೊದಲು ಕ್ಯಾನ್ಸರ್ ಡಾಕ್ಟರಿಗೆ ಒಮ್ಮೆ ತೋರಿಸಿ. ರೇಡಿಯೇಷನ್ನಿನಿಂದಲೂ ಹಾಗೆ ಆಗುವುದುಂಟು. ಯಾವುದೆಂದು ಹೇಳಲು ಎಂ.ಆರ್.ಐ. ಬೇಕಾಗಬಹುದು.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ, ಕ್ಷಯ. ಶ್ವಾಸಕೋಶದ ಸುತ್ತ ನೀರು ತುಂಬಿದರೂ, ಬೆನ್ನುಮೂಳೆ ಕೆಟ್ಟರೂ, ಕತ್ತಿನಲ್ಲಿ ಗ್ರಂಥಿ ಊದಿದರೂ ನಮ್ಮಲ್ಲಿ ಮೊದಲು ನೆನಪಾಗುವುದು ಟಿ.ಬಿ. ಅದರಲ್ಲಿ ತಪ್ಪಿಲ್ಲ, ಟಿ.ಬಿ. ನಮ್ಮಲ್ಲಿ ಅಷ್ಟು ಸಾಮಾನ್ಯ. ಆದರೆ ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಅಂದಾಜಿನ ಮೇಲೆ ಆರು ತಿಂಗಳ ಟಿ.ಬಿ. ಮಾತ್ರೆ ಶುರುಮಾಡುವ ಮೊದಲು ಆ ನೀರನ್ನೋ ಚೂರನ್ನೋ ಪರೀಕ್ಷೆಗೆ ಕಳಿಸಬೇಕು. ಸ್ಕ್ಯಾನ್ ನೋಡಿ ಕ್ಯಾನ್ಸರೇ ಮರಳಿದೆ ಎಂದು ಕೈಚೆಲ್ಲುವುದೂ ಅಷ್ಟೇ ತಪ್ಪು. ಬಯಾಪ್ಸಿಯಲ್ಲಿ ಕ್ಷಯವೆಂದೇ ಸಾಬೀತಾಗಿ ಪೂರ್ತಿ ವಾಸಿಯಾದವರೂ ಇದ್ದಾರೆ.

ಕೆಲವಕ್ಕೆ ಮಾತ್ರ ಕಾಯುವಂತಿಲ್ಲ. ಬೆನ್ನುನೋವಿನ ಜೊತೆ ಕಾಲು ಸೋತಂತಾಗುವುದು, ಸೊಂಟಕ್ಕೆ ಪಟ್ಟಿ ಬಿಗಿದಂಥ ನೋವು, ಮೂತ್ರ ಕಟ್ಟುವುದು, ಮಲಮೂತ್ರದ ಅರಿವು ತಪ್ಪುವುದು ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿರುವ ಸೂಚನೆ. ಅದೇ ದಿನ ಎಂ.ಆರ್.ಐ. ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು; ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಸಿಕ್ಕವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು. ಅತಿಯಾದ ಬಾಯಾರಿಕೆ, ಮಲಬದ್ಧತೆ, ಮಂಕು, ಮಾತಿನಲ್ಲಿ ಗೊಂದಲ ಒಟ್ಟಿಗೆ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು, ಅದೂ ತುರ್ತೇ. ಬೆಳಗಿನ ಜಾವದ ತಲೆನೋವು ವಾಂತಿಯೊಡನೆ ಬಂದರೆ, ಮೊದಲ ಸಲ ಫಿಟ್ಸ್ ಬಂದರೆ ಹಾಗೆಯೇ.

ಉಳಿದವಕ್ಕೆ ಒಂದು ಸರಳ ಅಳತೆ ಇಟ್ಟುಕೊಳ್ಳಬಹುದು: ಹೊಸದು, ಕಾರಣ ತಿಳಿಯದ್ದು, ಎರಡು ಮೂರು ವಾರವಾದರೂ ಹೋಗದ್ದು, ದಿನದಿಂದ ದಿನಕ್ಕೆ ಹೆಚ್ಚುತ್ತಿರುವುದು. ಹೀಗಿದ್ದರೆ ತೋರಿಸಿ. ಇಂಥ ತೊಂದರೆಗಳಲ್ಲಿ ಹೆಚ್ಚಿನವು ಕೊನೆಗೆ ಕ್ಯಾನ್ಸರ್ ಅಲ್ಲವೆಂದೇ ಗೊತ್ತಾಗುತ್ತವೆ.

ಹಾಗಾದರೆ ವರ್ಷಕ್ಕೊಮ್ಮೆ ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿಸಿಬಿಡಲೇ ಎಂದು ಕೇಳುವವರಿದ್ದಾರೆ. ಬೇಡ. ಇಟಲಿಯಲ್ಲಿ ನಡೆದು 1994ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ, ಲಕ್ಷಣವಿಲ್ಲದಿದ್ದರೂ ಪದೇಪದೇ ಸ್ಕ್ಯಾನ್, ಎಕ್ಸ್‌ರೇ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಲಕ್ಷಣವಿಲ್ಲದವರಿಗೆ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆಯೂ ಬೇಡವೆಂದೇ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಬೇಕಾದದ್ದು ಇಷ್ಟು: ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ ಕೈಯ ತಪಾಸಣೆ, ಉಳಿದ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್. ಪ್ಯಾಕೇಜ್ ಚೆಕಪ್‌ಗೆ ಹಾಕುವ ಹಣವನ್ನು ಲಕ್ಷಣ ಕಂಡ ದಿನಕ್ಕೆ ಎತ್ತಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕಾಗದಪತ್ರದ ಬಗ್ಗೆ ಎರಡು ಮಾತು. ಮೊದಲ ಬಯಾಪ್ಸಿ ವರದಿ, ಆಪರೇಷನ್ನಿನ ನಂತರದ ವರದಿ, ರಿಸೆಪ್ಟರ್ ಮತ್ತು ಹರ್-2 ಪರೀಕ್ಷೆಗಳ ಫಲಿತಾಂಶ, ಕಿಮೊ ಔಷಧಗಳ ಹೆಸರು, ರೇಡಿಯೇಷನ್ ಎಲ್ಲಿಗೆ ಎಷ್ಟು ಕೊಟ್ಟರು ಎಂಬ ಸಾರಾಂಶ, ಇವಿಷ್ಟನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇಬ್ಬರ ಬಳಿ ಇರಿಸಿ. ಮೊದಲ ಗಡ್ಡೆಯ ಚೂರುಗಳನ್ನು ಲ್ಯಾಬಿನವರು ಸಾಮಾನ್ಯವಾಗಿ ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಕೇಳಿದರೆ ಬರೆಸಿಕೊಂಡು ಕೊಡುತ್ತಾರೆ. ಹೊಸ ಚೂರನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ಒಳ್ಳೆಯ ಹೋಲಿಕೆ ಇನ್ನೊಂದಿಲ್ಲ. ಮರಳಿದ ಕಾಯಿಲೆಯ ರಿಸೆಪ್ಟರ್ ಕೆಲವರಲ್ಲಿ ಬದಲಾಗಿರುವುದರಿಂದ, ಸಾಧ್ಯವಿರುವ ಕಡೆಯೆಲ್ಲ ಹೊಸ ಬಯಾಪ್ಸಿ ಮಾಡಿಸಿಯೇ ಔಷಧ ನಿರ್ಧರಿಸಬೇಕು.

ಮರಳಿದೆ ಎಂದು ಗೊತ್ತಾದರೆ ಮುಂದೇನು? ಎದೆಗೋಡೆಯಲ್ಲೋ ಕಂಕುಳಲ್ಲೋ ಮಾತ್ರ ಮರಳಿದ್ದರೆ ಪೂರ್ತಿ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ನಡೆಯುತ್ತದೆ. ದೂರದ ಅಂಗಕ್ಕೆ ಹೋಗಿದ್ದರೆ ಬೇರುಸಹಿತ ಕೀಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ, ಆದರೆ ವರ್ಷಗಟ್ಟಲೆ ಹಿಡಿತದಲ್ಲಿಡುವ ಔಷಧಗಳು ಈಗ ಇವೆ. ಹಾರ್ಮೋನ್ ಪಾಸಿಟಿವ್ ಕಾಯಿಲೆಗೆ ಹಾರ್ಮೋನ್ ಮಾತ್ರೆಯ ಜೊತೆ ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್‌ನಂಥವನ್ನು ಕೊಡುತ್ತಾರೆ. 2023ರಲ್ಲಿ ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ ಮುಗಿದು ಭಾರತದ ಕಂಪನಿಗಳು ತಯಾರಿಸತೊಡಗಿದ ಮೇಲೆ ಅದರ ಬೆಲೆ ಬಹಳ ಇಳಿದಿದೆ. ಹಳೆಯ ದರ ಕೇಳಿ ಕೈಬಿಟ್ಟವರು ಮತ್ತೆ ವಿಚಾರಿಸಬೇಕು. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ಔಷಧ ಅದರೊಳಗೆ ಬರುತ್ತದೆಂದು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಚಿಕಿತ್ಸೆ ಶುರುವಾಗುವ ಮೊದಲೇ ಕೇಳಿಕೊಳ್ಳಿ. ಮೂಳೆಯ ನೋವಿಗೆ ಒಂದೇ ದಿನದ, 8 ಗ್ರೇ ಪ್ರಮಾಣದ ರೇಡಿಯೇಷನ್ನಿನಿಂದಲೂ ಬಹಳ ಜನರಿಗೆ ಆರಾಮ ಸಿಗುತ್ತದೆ. ಮೂಳೆ ಮುರಿಯದಂತೆ ಜೊಲೆಡ್ರೊನಿಕ್ ಆ್ಯಸಿಡ್ ಇಂಜೆಕ್ಷನ್ ಬರೆದಿದ್ದರೆ, ಮೊದಲ ಡೋಸಿಗೆ ಮುಂಚೆ ಹಲ್ಲಿನ ಡಾಕ್ಟರನ್ನು ಕಂಡು ಕೀಳಬೇಕಾದ ಹಲ್ಲುಗಳನ್ನು ಕೀಳಿಸಿಬಿಡಿ. ಇಂಜೆಕ್ಷನ್ ಶುರುವಾದ ಮೇಲೆ ಹಲ್ಲು ಕಿತ್ತರೆ ದವಡೆಯ ಗಾಯ ಮಾಯದೆ ಉಳಿಯುವ ಅಪಾಯವಿದೆ.